ದೂರಿಲ್ಲದ ಡಾಕ್ಟರಮ್ಮ

ಒಂದಾನೊಂದು ಬೀದಿಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದರು. ಆ ಬೀದಿಯ ಕೂಸುಗಳ ಮೊದಲ ಅಳು ಕೇಳಿದ್ದು ಅವರೇ, ಮುದುಕರ ಕಡೆಯ ಕೆಮ್ಮು ಕೇಳಿದ್ದೂ ಅವರೇ. ನಡುವೆ ಬಂದುಹೋಗುವ ನೆಗಡಿ, ಮಂಡಿನೋವು, ಮನಸ್ಸಿನ ಬೇಗುದಿ ಎಲ್ಲವೂ ಅವರ ಕಿವಿಗೆ ಒಮ್ಮೆ ಬಿದ್ದೇ ಮುಂದಕ್ಕೆ ಹೋಗಬೇಕು. ಅಂಥ ಡಾಕ್ಟರಮ್ಮನ ಮೇಲೆ ಬೀದಿಯಲ್ಲಿ ಒಬ್ಬರಿಗೂ ಒಂದು ದೂರಿರಲಿಲ್ಲ. ಅವರಿಗೆ ಬಂದ ಕಷ್ಟವೇ ಅದು.

ನನ್ನ ಅಜ್ಜಿಯಾಗಿದ್ದರೆ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ನಾನು “ಆಮೇಲೆ?” ಎಂದು ಪೀಡಿಸುವವರೆಗೂ ಕನ್ನಡಕ ಒರೆಸುತ್ತ ಕೂರುತ್ತಿದ್ದಳು. ನನಗೆ ಅಷ್ಟು ತಾಳ್ಮೆಯಿಲ್ಲ. ಆಮೇಲೆ ಏನಾಯಿತೆಂದರೆ, ಆರೋಗ್ಯ ಕಚೇರಿಯಿಂದ ಒಂದು ಕಟ್ಟು ಪ್ರಶ್ನಾವಳಿ ಬಂತು.

‘ಕುಟುಂಬ ವೈದ್ಯರ ಸೇವೆ: ರೋಗಿಗಳ ತೃಪ್ತಿ ಸಮೀಕ್ಷೆ’ ಎಂದು ಮೇಲೆ ಅಚ್ಚಾಗಿತ್ತು. ಕೆಳಗೆ ಪ್ರಶ್ನೆಗಳು. ವೈದ್ಯರು ನಿಮ್ಮ ಮಾತನ್ನು ಗಮನವಿಟ್ಟು ಕೇಳಿದರೇ? ಚಿಕಿತ್ಸೆಯ ತೀರ್ಮಾನದಲ್ಲಿ ನಿಮ್ಮನ್ನೂ ಸೇರಿಸಿಕೊಂಡರೇ? ನಿಮ್ಮ ಸಂಕೋಚಕ್ಕೆ ಬೆಲೆ ಕೊಟ್ಟರೇ? ಪ್ರತಿ ಪ್ರಶ್ನೆಯ ಎದುರಿಗೂ ಒಂದರಿಂದ ಐದರವರೆಗೆ ಅಂಕಿ, ಅಂಕಿಯ ತಲೆಯ ಮೇಲೆ ಒಂದೊಂದು ದುಂಡು ಮುಖ. ಒಂದರ ಮುಖ ಅಳುತ್ತಿತ್ತು, ಐದರ ಮುಖ ಹಲ್ಲು ಬಿಟ್ಟು ನಗುತ್ತಿತ್ತು. ಮೂರರ ಮುಖಕ್ಕೆ ಬಾಯಿಯ ಜಾಗದಲ್ಲಿ ಬರೀ ಒಂದು ಅಡ್ಡಗೆರೆ. ಕೆಲಸದಿಂದ ಮನೆಗೆ ಬಂದ ಅಪ್ಪನ ಮುಖ ಥೇಟ್ ಹಾಗೇ ಇರುತ್ತದೆ.

ಮನೆಮನೆಗೆ ಹೋಗಿ ಪ್ರಶ್ನೆ ಓದಿ, ಉತ್ತರಕ್ಕೆ ಗುರುತು ಹಾಕಿಕೊಂಡು ಬರುವ ತಾತ್ಕಾಲಿಕ ಕೆಲಸ ನನಗೆ ಸಿಕ್ಕಿತು. ಓದು ಮುಗಿಸಿ ಕಿಟಕಿಯಲ್ಲಿ ಮೋಡ ಎಣಿಸುತ್ತಿದ್ದ ನಾನು ಹೊರಗಿನ ಗಾಳಿಗೆ ಬಿದ್ದರೆ ಸಾಕೆಂದು ಮನೆಯವರಿಗೆಲ್ಲ ಅನ್ನಿಸಿತ್ತು. ಕಚೇರಿಯ ಅಧಿಕಾರಿ ನಿಯಮ ಹೇಳಿಕೊಟ್ಟರು. ಅವರ ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ನಾನು ಹೇಳಿದ ಚಹರೆ ಕೇಳಿಯೇ ಅಜ್ಜಿ ಅವರಿಗೆ ಪೆನ್ಸಿಲಪ್ಪ ಎಂದು ಹೆಸರಿಟ್ಟುಬಿಟ್ಟಳು.

“ಇದ್ದಿದ್ದು ಇದ್ದ ಹಾಗೆ ಓದಬೇಕು. ವಿವರಿಸಬಾರದು, ಒತ್ತಾಯ ಮಾಡಬಾರದು, ತಲೆ ಕೂಡ ಆಡಿಸಬಾರದು. ಅವರು ಏನು ಹೇಳ್ತಾರೋ ಅದಕ್ಕೇ ಗುರುತು. ಹಾಳೆ ಮೇಲೆ ಹೆಸರು ಬರೀಬಾರದು, ನಂಬರ್ ಮಾತ್ರ. ತಿಳೀತಾ?” ಎಂದರು ಪೆನ್ಸಿಲಪ್ಪ.

ತಿಳಿಯಿತು. ಆದರೆ ಬೀದಿಯವರು ನನಗೆ ಓದಲಿಕ್ಕೇ ಬಿಡಲಿಲ್ಲ.

“ವೈದ್ಯರು ನಿಮ್ಮ ಮಾತನ್ನು...” ಎನ್ನುವಷ್ಟರಲ್ಲಿ, ಬಸ್ಸು ಓಡಿಸಿ ನಿವೃತ್ತರಾದ ಡ್ರೈವರ್ ಮಾವ ಕೈ ಎತ್ತಿದರು. “ಐದು. ಎಲ್ಲದಕ್ಕೂ ಐದು. ಆರು ಇದ್ರೆ ಆರು ಹಾಕು.”

ಬೇಕರಿಯ ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಹೇಳಿದಳು, “ಕಾಯುವ ಕೋಣೆ ಸ್ವಚ್ಛವಾಗಿತ್ತೇ ಅಂತೆ! ಕೋಣೆ ಹಾಳಾಗ್ಲಿ, ಡಾಕ್ಟರಮ್ಮನ ಮನಸ್ಸು ಸ್ವಚ್ಛ. ಐದು ಹಾಕ್ಕೋ.”

“ಇದು ಪರೀಕ್ಷೆ ತಾನೇ? ಅವರು ಫೇಲಾದ್ರೆ ನಾವು ಎಲ್ಲಿಗೆ ಹೋಗೋದು? ಐದು ಹಾಕಿ ಜಾಗ ಖಾಲಿ ಮಾಡು,” ಎಂದ ಟೈಲರ್, ಬಾಯಲ್ಲಿದ್ದ ಗುಂಡುಸೂಜಿಗಳ ನಡುವಿನಿಂದ.

ಇಸ್ತ್ರಿ ಅಂಗಡಿಯ ಅಕ್ಕ ತಲೆ ಎತ್ತಲೂ ಇಲ್ಲ. “ಐದು ಕಣೇ ಕನಸುಗಣ್ಣಿ,” ಎಂದಳು, ಅಷ್ಟೆ. ನನಗೆ ಆ ಹೆಸರು ಇಟ್ಟವಳೂ ಅವಳೇ.

ಸಂಜೆಯ ಹೊತ್ತಿಗೆ ನನ್ನ ಚೀಲದ ತುಂಬ ನಗುಮುಖಗಳು. ನಡೆದರೆ ಹಾಳೆಗಳು ಒಂದಕ್ಕೊಂದು ಉಜ್ಜಿ, ಒಳಗೆ ಎಲ್ಲರೂ ಕಿಸಕ್ಕನೆ ನಕ್ಕಂತೆ ಸದ್ದಾಗುತ್ತಿತ್ತು. ಬೀದಿದೀಪಗಳು ಹತ್ತಿಕೊಳ್ಳುವಾಗ ಅವೂ ಐದರ ಮುಖಗಳಂತೆಯೇ ಕಂಡವು. ಒಂದು ಊರೇ ಒಬ್ಬರ ಮೇಲೆ ಇಷ್ಟು ಅಕ್ಕರೆ ಇಟ್ಟಿದೆ ಎಂದರೆ ಅದು ಯಾವ ಕಥೆಗೆ ಕಡಿಮೆ ಎಂದುಕೊಂಡು ಮನೆಗೆ ಬಂದೆ.

ಪೆನ್ಸಿಲಪ್ಪನವರಿಗೆ ಹಾಗೆ ಅನ್ನಿಸಲಿಲ್ಲ.

ಕಟ್ಟನ್ನು ಬಿಚ್ಚಿ, ಒಂದು ಹಾಳೆ ನೋಡಿದರು, ಇನ್ನೊಂದು ನೋಡಿದರು, ಆಮೇಲೆ ಹೆಬ್ಬೆರಳಿನಿಂದ ಇಸ್ಪೀಟಿನ ಎಲೆಗಳಂತೆ ಇಡೀ ಕಟ್ಟನ್ನು ಸರ್ರನೆ ಹಾಯಿಸಿ ನನ್ನ ಕಡೆಗೇ ತಳ್ಳಿದರು.

“ಇದು ಸಮೀಕ್ಷೆ ಅಲ್ಲಮ್ಮ, ಜೈಕಾರ.”

“ಅವರು ಹೇಳಿದ್ದನ್ನೇ ಹಾಕಿದೀನಿ ಸರ್.”

“ಎಲ್ಲರೂ ಒಂದೇ ಮಾತು ಹೇಳ್ತಾರಾ? ನಮ್ಮನೇಲಿ ಇರೋದೇ ನಾಲ್ಕು ಜನ. ಫ್ಯಾನು ಎಷ್ಟರಲ್ಲಿ ಇಡಬೇಕು ಅನ್ನೋದಕ್ಕೇ ನಾಲ್ಕು ಮಾತು.” ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದರು. “ಮೇಲಿನವರು ಇದನ್ನ ನಂಬಲ್ಲ. ಕ್ಲಿನಿಕ್ಕಿನವರೇ ಕೂತು ಗೀಚಿದಾರೆ ಅಂತಾರೆ. ನಂಬದ ಉತ್ತರ ಅಂದ್ರೆ ಉತ್ತರ ಇಲ್ಲ ಅಂತಲೇ. ಉತ್ತರ ಇಲ್ಲದ ಕ್ಲಿನಿಕ್ಕನ್ನ ದೊಡ್ಡಾಸ್ಪತ್ರೆಗೆ ಸೇರಿಸಿಬಿಡ್ತಾರೆ. ಆ ಡಾಕ್ಟರನ್ನ ಯಾವ ಮೂಲೆಗೆ ಹಾಕ್ತಾರೋ ದೇವರೇ ಬಲ್ಲ. ಹೊಸ ಹಾಳೆ ತಗೊಂಡು ಇನ್ನೊಂದು ಸಲ ಹೋಗು. ಮುಂದಿನ ಶುಕ್ರವಾರ ನಾನೇ ಕ್ಲಿನಿಕ್ಕಿಗೆ ಬಂದು ತಗೋತೀನಿ.”

ದೊಡ್ಡಾಸ್ಪತ್ರೆ ಊರಿನ ಆಚೆ ತುದಿಯಲ್ಲಿದೆ. ಅಲ್ಲಿ ಒಮ್ಮೆ ನೋಡಿದ ಡಾಕ್ಟರ್ ಮತ್ತೊಮ್ಮೆ ಸಿಕ್ಕುವುದಿಲ್ಲ. ನಮ್ಮ ಅಜ್ಜಿಗೆ ಬೀದಿಯ ಕೊನೆಯ ಕ್ಲಿನಿಕ್ಕಿಗೆ ನಡೆದುಹೋಗುವುದೇ ಒಂದು ದೇಶಯಾತ್ರೆ.

ಕ್ಲಿನಿಕ್ಕಿಗೆ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅದು ಮಧ್ಯಾಹ್ನದ ಬಿಡುವು. ಗಾಜಿನ ಬಾಗಿಲಿನ ಔಷಧಿ ಬೀರುವಿನ ಮೇಲೆ ಬಿಸಿಲು ಬಿದ್ದು, ಕಂದು ಸೀಸೆಗಳ ಒಳಗೆಲ್ಲ ಪುಟ್ಟ ಪುಟ್ಟ ಸೂರ್ಯರು ತೇಲುತ್ತಿದ್ದರು. ತೂಕದ ಯಂತ್ರದ ಮುಳ್ಳು ಯಾರೂ ನಿಲ್ಲದಿದ್ದರೂ ಸಣ್ಣಗೆ ನಡುಗುತ್ತಿತ್ತು, ಕಾಣದ ಯಾರೋ ಹತ್ತಿ ಇಳಿದ ಹಾಗೆ. ಡಾಕ್ಟರಮ್ಮ ಕೇಳಿಸಿಕೊಂಡು ನಕ್ಕರು. ಅರ್ಧ ಜ್ವರವನ್ನು ಬಾಗಿಲಲ್ಲೇ ಇಳಿಸುತ್ತದೆಂದು ಬೀದಿಯವರು ಹೇಳುವ ನಗು ಅದು. ಆದರೆ ಆಮೇಲೆ ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು.

“ಈ ಬೀದೀಲಿ ಹಾಲಿನವನಿಗೆ ಬೈತಾರೆ, ಪೋಸ್ಟಿನವನಿಗೆ ಬೈತಾರೆ. ಗಂಡಂದಿರಿಗಂತೂ ಕೇಳಲೇಬೇಡ. ನನಗೆ ಒಬ್ಬರೂ ಬೈಯಲ್ಲ ಮರಿ. ನನ್ನ ಕೈಯಲ್ಲಿ ತಪ್ಪೇ ಆಗಿಲ್ಲ ಅಂದ್ಕೊಳ್ಳೋಷ್ಟು ದಡ್ಡಿ ಅಲ್ಲ ನಾನು. ಎಲ್ಲಿ ತಪ್ಪಿದೀನಿ ಅಂತ ಯಾರೂ ಹೇಳದೇ ಇದ್ರೆ ತಿದ್ದಿಕೊಳ್ಳೋದು ಹೇಗೆ?”

“ನಿಮ್ಮ ಮೇಲೆ ದೂರು ಯಾರಿಗಿರುತ್ತೆ ಡಾಕ್ಟರಮ್ಮ?”

“ನೋಡಿದ್ಯಾ, ನೀನೂ ಶುರು ಮಾಡಿದೆ.” ಅವರು ಮೇಜಿನ ಆ ಕಡೆಯಿಂದ ಬಾಗಿದರು. “ಒಂದೇ ಒಂದು ದೂರು ತಂದುಕೊಡು. ಕಟ್ಟಿದ್ದು ಬೇಡ, ನಿಜವಾದದ್ದು. ಕಚೇರಿಯವರೂ ನಂಬ್ತಾರೆ, ನನಗೂ ಗೊತ್ತಾಗುತ್ತೆ. ತರ್ತೀಯಾ?”

“ತರ್ತೀನಿ,” ಎಂದೆ. ಅಜ್ಜಿಯ ಕಥೆಗಳಲ್ಲಿ ಕಿರಿಯವಳು ಹೀಗೆಯೇ ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಡುತ್ತಾಳೆ. ಏಳು ಸಮುದ್ರದಾಚೆಯ ಹೂವಾದರೆ ಒಂದು ದೋಣಿಯಾದರೂ ಇರುತ್ತದೆ. ನನ್ನ ಹತ್ತಿರ ಇದ್ದದ್ದು ಒಂದು ಚೀಲ, ಒಂದು ಪೆನ್ನು.

ಮರುದಿನದಿಂದ ದೂರಿನ ಬೇಟೆ. ದೂರುಗಳಿಗೇನೂ ಬರವಿರಲಿಲ್ಲ. ಕಾಯುವ ಕೋಣೆಯ ಬೆಂಚು ಚುಚ್ಚುತ್ತದೆ ಎಂದು ಒಬ್ಬರು. ಪಕ್ಕದ ಮನೆಯವರ ರೇಡಿಯೋದಿಂದಲೇ ತನ್ನ ರಕ್ತದೊತ್ತಡ ಏರಿದ್ದು ಎಂದು ಇನ್ನೊಬ್ಬರು. ಡಾಕ್ಟರಮ್ಮನ ಮೇಲೆ ಮಾತ್ರ ಊಹೂಂ.

“ಒಂದು ದೂರಿದೆ. ಅವರು ಬೇಗ ಇಂಜೆಕ್ಷನ್ ಕೊಡಲ್ಲ. ಆದ್ರೆ ಬರೀಬೇಡ. ಕೊಟ್ರೆ ನಾನು ಆ ಕಡೆ ತಲೆ ಹಾಕಲ್ಲ,” ಎಂದಳು ಒಬ್ಬ ಅಜ್ಜಿ.

ಡ್ರೈವರ್ ಮಾವನಿಗಂತೂ ಸಿಟ್ಟೇ ಬಂತು. “ದೂರಾ? ಯಾರು ಕಳಿಸಿದ್ದು ನಿನ್ನ? ದೊಡ್ಡಾಸ್ಪತ್ರೆಯವರಾ?” ಎಂದವರೇ ಕಿಟಕಿ ಹಾಕಿಕೊಂಡರು.

ಟೈಲರ್ ಮಾತ್ರ ಉಪಕಾರಿ. ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಹತ್ತಿರ ಬಂದ. “ದೂರು ಬೇಕಾ? ಹೊಲಿದುಕೊಡ್ತೀನಿ ಬಾ. ಯಾವ ಅಳತೆ? ಸಣ್ಣದಾ, ಮೈ ತುಂಬಾ ಬರೋದಾ? ಮಾತ್ರೆ ಕಹಿ ಅಂತ ಬರ್ಕೋ. ಮೂರು ಹಾಕು. ಯಾರಿಗೂ ನೋವಾಗಲ್ಲ, ಕ್ಲಿನಿಕ್ಕೂ ಉಳಿಯುತ್ತೆ.”

ಒಂದು ಗಳಿಗೆ ನನ್ನ ಪೆನ್ನು ಮೂರರ ಮೇಲೆ ನಿಂತಿತು. ಶುಕ್ರವಾರ ಹತ್ತಿರವಾಗುತ್ತಿತ್ತು. ಒಂದು ಸಣ್ಣ ಗುರುತು, ಅಷ್ಟೆ. ಆದರೆ ‘ಕಟ್ಟಿದ್ದು ಬೇಡ’ ಎಂದು ಡಾಕ್ಟರಮ್ಮ ಬಾಗಿ ಹೇಳಿದ ಮುಖ ನೆನಪಾಗಿ ಪೆನ್ನಿಗೆ ಮುಚ್ಚಳ ಹಾಕಿದೆ.

“ದಡ್ಡಿ,” ಎಂದ ಟೈಲರ್ ಪ್ರೀತಿಯಿಂದಲೇ.

ಮನೆಗೆ ಬಂದು ಅಜ್ಜಿಯ ಮಂಚದ ಅಂಚಿಗೆ ಕುಸಿದೆ. ಅವಳು ದಿಂಬಿಗೆ ಒರಗಿ, ಪರದೆ ಗಾಳಿಗೆ ಉಬ್ಬಿ ಇಳಿಯುವುದನ್ನು ನೋಡುತ್ತಿದ್ದಳು.

“ಅಜ್ಜಿ, ನಿನಗಾದರೂ ಒಂದು ದೂರಿದ್ರೆ ಹೇಳೇ.”

“ನನ್ನ ದೂರೆಲ್ಲ ನಿಮ್ಮ ತಾತನ ಮೇಲೆ. ಅವರು ಹೋದ ಕಡೆ ಯಾವ ಕಚೇರಿ ಇದೆಯೋ ಏನೋ.” ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಎಲ್ಲಿ, ಅದೇನು ಪ್ರಶ್ನೆ ಕೇಳ್ತೀಯೋ ಓದು.”

ಓದಿದೆ.

“ಇದೇನೇ ಇದು, ರೈಲು ಬಿಡೋ ಹೊತ್ತಾಯ್ತು ಅನ್ನೋ ಹಾಗೆ! ಎದುರಿಗಿರೋರು ಹತ್ತೋದು ಯಾವಾಗ, ಇಳಿಯೋದು ಯಾವಾಗ?”

“ಅವರೇ ಮುಗಿಸೋಕೆ ಬಿಡಲ್ಲ ಅಜ್ಜಿ. ನಾನೂ ಬೇಗ ಬೇಗ...”

“ನಾನು ನಿನಗೆ ಕಥೆ ಹೇಳುವಾಗ ನೀನು ಹೂಂ ಅಂತಿದ್ದೆ, ನೆನಪಿದ್ಯಾ? ಹೂಂ ಬೇಗ ಬಂದ ಕಡೆ ನಾನೂ ಬೇಗ ಹೋಗ್ತಿದ್ದೆ. ಒಂದೊಂದು ಕಡೆ ಹೂಂ ತಡವಾಗ್ತಿತ್ತು. ಅಲ್ಲಿ ನಾನು ಸುಮ್ಮನೆ ನಿಲ್ತಿದ್ದೆ. ಹುಡುಗಿ ಇಲ್ಲೆಲ್ಲೋ ಇಳಿದುಬಿಟ್ಟಿದಾಳೆ, ಒಬ್ಬಳನ್ನೇ ಬಿಟ್ಟು ಮುಂದೆ ಹೋಗಬಾರದು ಅಂತ. ನೀನೇ ವಾಪಸ್ ಬಂದು ಏನಾದ್ರೂ ಕೇಳ್ತಿದ್ದೆ. ಕೇಳಿದ್ದೆಲ್ಲ ಕಥೆಗಿಂತ ಚೆನ್ನಾಗಿರ್ತಿತ್ತು.” ಪರದೆ ಇನ್ನೊಮ್ಮೆ ಉಬ್ಬಿತು. “ಪೆನ್ಸಿಲಪ್ಪ ಒತ್ತಾಯ ಮಾಡಬೇಡ ಅಂದ. ಸುಮ್ಮನೆ ಕೂರಬೇಡ ಅಂದನಾ?”

ಇಲ್ಲ, ಅಂದಿರಲಿಲ್ಲ.

ಮೂರನೆಯ ಸುತ್ತಿಗೆ ನಾನು ನಿಂತು ಓದಲಿಲ್ಲ. ಹೋದಲ್ಲೆಲ್ಲ ಕೂತೆ. ಐದು ಎಂದರೆ ಐದಕ್ಕೇ ಗುರುತು ಹಾಕಿದೆ, ಆದರೆ ಮುಂದಿನ ಪ್ರಶ್ನೆಗೆ ಆತುರ ಪಡಲಿಲ್ಲ. ಆ ನಡುವಿನ ಜಾಗದಲ್ಲಿ ಏನೇನೋ ಕೇಳಿಸತೊಡಗಿತು. ಬೇಕರಿಯ ಒಲೆಯೊಳಗೆ ಬ್ರೆಡ್ಡು ಉಬ್ಬುವಾಗ ಬಿರುಕು ಬಿಡುವ ಸದ್ದು. ಡ್ರೈವರ್ ಮಾವನ ಮನೆಯ ನಲ್ಲಿ ತೊಟ್ಟಿಕ್ಕುವ ಸದ್ದು. ನೀರಿನಡಿ ಕೂತು ಮೇಲಿನವರ ಮಾತು ಕೇಳುತ್ತಿದ್ದೇನೆ ಅನ್ನಿಸುತ್ತಿತ್ತು.

“ಚಿಕಿತ್ಸೆಯ ತೀರ್ಮಾನದಲ್ಲಿ ನಿಮ್ಮನ್ನೂ ಸೇರಿಸಿಕೊಂಡರೇ?”

ಬೇಕರಿ ಚಿಕ್ಕಮ್ಮನ ಐದು ಬರಲಿಲ್ಲ. ಹಿಟ್ಟನ್ನು ಒಮ್ಮೆ ಮಗುಚಿದಳು. “ನನ್ನ ಮೈಗೆ ಜ್ವರ ಬಂದ್ರೆ ನಮ್ಮ ಯಜಮಾನರನ್ನ ಕೇಳ್ತಾರೆ, ‘ಇವರು ಹೇಗಿದಾರೆ’ ಅಂತ. ನಾನು ಅಲ್ಲೇ ಕೂತಿರ್ತೀನಿ.” ತಟಕ್ಕನೆ ಎಚ್ಚೆತ್ತಳು. “ಅಯ್ಯೋ, ಅದೇನು ದೊಡ್ಡ ವಿಷಯ! ಐದೇ ಇರ್ಲಿ. ನಾಲ್ಕು ಹಾಕಿದ್ರೆ ಮತ್ತೆ ಅವರಿಗೆ ಮುಖ ಹೇಗೆ ತೋರಿಸ್ಲಿ?”

ಡ್ರೈವರ್ ಮಾವ ಸಂಕೋಚದ ಪ್ರಶ್ನೆಗೆ ಮೀಸೆ ಎಳೆದುಕೊಂಡರು. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. “ಹೋದ ತಿಂಗಳು ಒಳಗಿನಿಂದಲೇ ಕೂಗಿದ್ರು. ‘ಮಾವ, ರಾತ್ರಿ ಎಷ್ಟು ಸಲ ಏಳ್ತೀರಿ ಈಗ?’ ಅಂತ. ಹೊರಗೆ ಜನ ನಿಂತುಕೊಂಡು ಹೋಗೋ ಬಸ್ಸಿನ ಹಾಗೆ ತುಂಬಿದ್ರು. ಎಲ್ಲರೂ ನನ್ನನ್ನೇ ನೋಡಿದ್ರಮ್ಮ.” ಆಮೇಲೆ ಕೆಮ್ಮಿ, “ಅಕ್ಕರೆಗೆ ಕೇಳಿದ್ದು. ಐದು ಹಾಕು,” ಎಂದರು.

ಹಾಕಿದೆ. ಹೇಳಿದ್ದಕ್ಕೇ ಗುರುತು, ಅದೇ ನಿಯಮ. ಎಲ್ಲರ ಬಾಯಿಯ ತುದಿಗೆ ಬಂದ ಮಾತು ಮತ್ತೆ ಹೊಟ್ಟೆಗೇ ಇಳಿಯುತ್ತಿತ್ತು. ಚೀಲದಲ್ಲಿ ಮಾತ್ರ ಅವೇ ನಗುಮುಖಗಳು. ಗುರುವಾರ ಮಧ್ಯಾಹ್ನ ಉಳಿದದ್ದು ಒಂದೇ ಹಾಳೆ, ಇಸ್ತ್ರಿ ಅಂಗಡಿಯದು.

ಆ ಅಂಗಡಿಯೆಂದರೆ ನನಗೆ ಚಿಕ್ಕಂದಿನಿಂದ ಇಷ್ಟ. ಒಳಗೆ ಸದಾ ಸಣ್ಣ ಮಂಜು. ಮಂಜಿನಲ್ಲಿ ತಲೆಯಿಲ್ಲದ ಶರ್ಟುಗಳು ಸಾಲಾಗಿ ತೂಗುತ್ತ, ಯಾರೋ ಕರೆಯುವುದನ್ನು ಕಾಯುತ್ತಿರುವವರಂತೆ ಮೆಲ್ಲಗೆ ಆಚೀಚೆ ತಿರುಗುತ್ತವೆ. ಅಕ್ಕನ ಗಂಡ ಇದ್ದಾಗ ಬಟ್ಟೆ ತಲುಪಿಸುವ ಕೆಲಸ ಅವರದು. ಅವರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಈಗ ಎರಡೂ ಅಕ್ಕನೇ.

“ಮತ್ತೆ ಬಂದ್ಯಾ ಕನಸುಗಣ್ಣಿ? ಐದು ಅಂದಿದ್ನಲ್ಲ.”

“ಇನ್ನೊಂದು ಸಲ ಓದಬೇಕು ಅಕ್ಕ. ನೀನು ಕೆಲಸ ಮಾಡ್ತಾ ಇರು.”

ಓದುತ್ತ ಹೋದೆ. ಅಕ್ಕ ಕಾಲರು, ತೋಳು, ಬೆನ್ನು ಎಂದು ಇಸ್ತ್ರಿ ಹಾಯಿಸುತ್ತ ಐದು, ಐದು ಎನ್ನುತ್ತ ಹೋದಳು. ಎರಡೂ ಒಂದೇ ಲಯಕ್ಕೆ ಬಂದಿದ್ದವು.

“ನಿಮ್ಮ ಅಥವಾ ನಿಮ್ಮ ಮನೆಯವರ ಕಾಯಿಲೆ ಎಂಥದ್ದೆಂದು ವೈದ್ಯರು ನಿಮಗೆ ಅರ್ಥವಾಗುವಂತೆ ತಿಳಿಸಿದರೇ?”

ಇಸ್ತ್ರಿ ನಿಂತಿತು.

ಶರ್ಟು ಸುಟ್ಟೀತೆಂದು ಕೈ ಚಾಚಲಿದ್ದವಳು ತಡೆದುಕೊಂಡೆ. ಅಕ್ಕ ಇಸ್ತ್ರಿಯನ್ನು ಎತ್ತಿ ಅದರ ಹಿಂಬದಿಯ ಮೇಲೆ ನಿಲ್ಲಿಸಿದಳು. ಹಬೆ ಮೇಲೇರಿ ಶರ್ಟುಗಳ ನಡುವೆ ಕರಗಿತು. ಹೊರಗೆ ಯಾರದೋ ಸೈಕಲ್ಲಿನ ಗಂಟೆ ಹಾದುಹೋಯಿತು.

“ಅವತ್ತು ಬೆಳಗ್ಗೆ ಡಾಕ್ಟರಮ್ಮ ಮನೆಗೇ ಬಂದಿದ್ರು,” ಎಂದಳು. “ಇವರ ಕೈ ಹಿಡಿದು ನೋಡಿದ್ರು, ಎದೆಗೆ ಕೊಳವೆ ಇಟ್ಟು ತುಂಬಾ ಹೊತ್ತು ಕೇಳಿದ್ರು. ಬಾಗಿಲ ಹತ್ರ ನನ್ನ ಭುಜ ತಟ್ಟಿ ನಕ್ಕರು. ‘ಯೋಚನೆ ಮಾಡಬೇಡಿ, ನಾಳೆ ಬರ್ತೀನಿ’ ಅಂದ್ರು. ಡಾಕ್ಟರೇ ಯೋಚನೆ ಮಾಡಬೇಡಿ ಅಂದ ಮೇಲೆ ನಾನ್ಯಾಕೆ ಮಾಡ್ಲಿ? ಮಾಡಲಿಲ್ಲ. ಅಂಗಡಿಗೆ ಬಂದೆ. ಹೋಟೆಲಿನವರ ಮೇಜುಬಟ್ಟೆ ಸಂಜೆಗೆ ಕೊಡಬೇಕಿತ್ತು. ದಿನವಿಡೀ ಯಾರ್‍ಯಾರದೋ ಬಟ್ಟೆಯ ಸುಕ್ಕು ತೆಗೀತಾ ನಿಂತಿದ್ದೆ ಕಣೇ. ಪಕ್ಕದ ಮನೆಯವರು ಓಡಿ ಬಂದಾಗಲೂ ಇದೊಂದು ಮಡಚಿ ಬರ್ತೀನಿ ಅಂದೆ.”

ನಾನು ಪೆನ್ನು ಕೆಳಗಿಟ್ಟೆ.

“ಡಾಕ್ಟರಮ್ಮನಿಗೆ ಗೊತ್ತಿತ್ತು. ಅಷ್ಟು ಹೊತ್ತು ಕೇಳಿದವರಿಗೆ ಗೊತ್ತಾಗದೇ ಇರುತ್ತಾ? ಅವರು ನಗದೇ ಇದ್ದಿದ್ರೆ ನಾನು ಅವತ್ತು ಅಂಗಡಿ ತೆಗೀತಿರಲಿಲ್ಲ. ಪಕ್ಕದಲ್ಲಿ ಕೂತಿರ್ತಿದ್ದೆ. ಅಷ್ಟೇ. ಉಳಿಸೋಕೆ ಆಗ್ತಿರಲಿಲ್ಲ, ಅದು ನನಗೂ ಗೊತ್ತು.” ಮೊಣಕೈಯಿಂದ ಹಣೆ ಒರೆಸಿಕೊಂಡಳು. “ಒಳ್ಳೇ ಹೆಂಗಸು. ಔಷಧಿಗೆ, ಉಪಚಾರಕ್ಕೆ ಏನೂ ಕಡಿಮೆ ಮಾಡಲಿಲ್ಲ. ಅದಕ್ಕೇ ಐದು ಅಂದೆ. ಅದು ಸುಳ್ಳಲ್ಲ. ಇದೂ ಸುಳ್ಳಲ್ಲ.”

“ಈ ಪ್ರಶ್ನೆಗೆ ಎಷ್ಟು ಬರೀಲಿ ಅಕ್ಕ?”

ಅವಳು ಹಾಳೆಗೆ ಕೈ ಚಾಚಿದಳು. “ಕೊಡಿಲ್ಲಿ. ಬೆನ್ನ ಹಿಂದೆ ಹೇಳಿದ್ರೆ ಚಾಡಿ ಆಗುತ್ತೆ. ದೂರು ಅಂದ್ರೆ ಮುಖಕ್ಕೇ ಹೇಳಬೇಕು.”

“ಯಾವಾಗ ಹೇಳ್ತೀಯ? ನಾಳೆಯೇ...”

“ನೋಡ್ತೀನಿ,” ಎಂದು ಹಾಳೆಯನ್ನು ಬಟ್ಟೆಯಂತೆಯೇ ನೀಟಾಗಿ ಮಡಚಿದಳು. “ಹೊರಡು ಈಗ. ಶರ್ಟು ತಣ್ಣಗಾಗ್ತಿದೆ.”

ಮನೆಗೆ ನಡೆಯುವಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಖುಷಿಯಿಂದಲ್ಲ. ದೂರು ಎಂದರೆ ಏನೋ ಹಗುರವಾದದ್ದು, ಬೆಂಚು ಚುಚ್ಚುವಂಥದ್ದು ಎಂದುಕೊಂಡಿದ್ದೆ. ಇದನ್ನು ಆ ಡಾಕ್ಟರಮ್ಮನ ಮುಂದೆ ಹೇಗೆ ಇಡುವುದು? ಇಡದಿದ್ದರೆ ಅವರೇ ಇಲ್ಲಿ ಇರುವುದಿಲ್ಲ.

ಶುಕ್ರವಾರ ಪೆನ್ಸಿಲಪ್ಪ ಬಂದರು. ಕಾಯುವ ಕೋಣೆ ತುಂಬಿತ್ತು. ಅವರಿಗೆ ಸಿಕ್ಕಿದ್ದು ಡ್ರೈವರ್ ಮಾವ ಮತ್ತು ಬೇಕರಿ ಚಿಕ್ಕಮ್ಮನ ನಡುವಿನ ಅಂಗೈಯಗಲ ಜಾಗ.

“ಏನ್ಸಾರ್, ಹೊಟ್ಟೆನೋವಾ?” ಎಂದರು ಮಾವ.

“ಕಚೇರಿ ಕೆಲಸ.”

“ಅದಕ್ಕೂ ಇಲ್ಲಿ ಔಷಧಿ ಇದೆ. ಸರತಿ ಪ್ರಕಾರ ಬನ್ನಿ.”

ಎಲ್ಲರೂ ನಕ್ಕರು. ಪೆನ್ಸಿಲಪ್ಪ ನಗಲಿಲ್ಲ. ನಾನು ಕೊಟ್ಟ ಕಟ್ಟನ್ನು ತೊಡೆಯ ಮೇಲಿಟ್ಟು ತಿರುವಿದರು. “ಐದು... ಐದು... ಮತ್ತೆ ಐದು. ಏನಮ್ಮ ಇದು? ನಾನು ಏನು ಹೇಳಿ ಕಳಿಸಿದ್ದೆ? ಸಾಲದ್ದಕ್ಕೆ ಒಂದು ಹಾಳೆ ಬೇರೆ ಕಡಿಮೆ.”

“ಅದು ಬರುತ್ತೆ ಸರ್.”

“ಎಲ್ಲಿಂದ? ಕಟ್ಟನ್ನ ಹೀಗೇ ಕೊಟ್ರೆ ಇವತ್ತೇ ಮುಗೀತು ನೋಡು.”

ಕೋಣೆಯ ನಗು ನಿಂತಿತು. ಎಲ್ಲರೂ ನನ್ನನ್ನೂ ಆ ಕಟ್ಟನ್ನೂ ನೋಡಿದರು. ಅಕ್ಕರೆಯಿಂದ ಕೊಟ್ಟ ಐದುಗಳೇ ಡಾಕ್ಟರಮ್ಮನನ್ನು ಹೊರದೂಡುತ್ತಿವೆ ಎಂಬುದು ಒಬ್ಬೊಬ್ಬರ ಮುಖದಲ್ಲೂ ನಿಧಾನವಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ಬೀದಿಯ ಬಾಗಿಲು ತೆರೆಯಿತು, ಗಂಜಿ ಹಾಕಿದ ಬಟ್ಟೆಯ ವಾಸನೆ ಬಂತು, ಹಿಂದೆಯೇ ಇಸ್ತ್ರಿ ಅಂಗಡಿಯ ಅಕ್ಕ.

“ಸ್ವಲ್ಪ ಕೂತಿರಿ ಸರ್. ಮೊದಲು ಡಾಕ್ಟರಮ್ಮ ಕೇಳಬೇಕು, ಆಮೇಲೆ ನೀವು ತಗೊಳ್ಳಿ,” ಎಂದು ಅವರಿಗೆ ಹೇಳಿ, ನನ್ನ ಮುಂಗೈ ಹಿಡಿದಳು. “ನೀನೂ ಬಾ. ನನ್ನ ಬಾಯಿ ಕಟ್ಟಿಹೋದ್ರೆ ನೀನು ಹೇಳು.”

ಒಳಗೆ ಡಾಕ್ಟರಮ್ಮ ಕೈ ತೊಳೆಯುತ್ತಿದ್ದರು. “ಬನ್ನಿ ಬನ್ನಿ, ಕೈ ಉರಿ ಹೇಗಿದೆ?”

“ಕೈ ಚೆನ್ನಾಗಿದೆ. ನಾನು ದೂರು ಹೇಳೋಕೆ ಬಂದೆ.”

ಡಾಕ್ಟರಮ್ಮ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಬಂದು ಕೂತರು. ಅಕ್ಕನ ಬಾಯಿ ಕಟ್ಟಲಿಲ್ಲ. ನಿನ್ನೆ ನನಗೆ ಹೇಳಿದ್ದನ್ನೆಲ್ಲ ಹೇಳಿದಳು, ಇನ್ನೂ ಸ್ವಲ್ಪ ಜಾಸ್ತಿಯೇ. ಆ ದಿನ ಅವರು ಯಾವ ಬಣ್ಣದ ಕೋಟು ಹಾಕಿದ್ದರು ಎಂದೂ, ಭುಜ ತಟ್ಟಿದ್ದು ಎಡದ್ದು ಎಂದೂ ಹೇಳಿದಳು. ಹೇಳುತ್ತಿದ್ದಷ್ಟೂ ಹೊತ್ತು ಡಾಕ್ಟರಮ್ಮನ ಬೆರಳ ತುದಿಯಿಂದ ಒಂದೊಂದೇ ಹನಿ ಮೇಜಿನ ಮೇಲೆ ಬೀಳುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ. ಕೋಣೆ ಎಷ್ಟು ಸ್ತಬ್ಧವಾಗಿತ್ತೆಂದರೆ ಗೋಡೆಯ ಮೇಲಿನ ಎಲುಬುಗೂಡಿನ ಚಿತ್ರ ಕೂಡ ಉಸಿರು ಹಿಡಿದುಕೊಂಡಂತಿತ್ತು.

“ಗೊತ್ತಿತ್ತು,” ಎಂದರು ಕೊನೆಗೆ. “ಸಂಜೆ ದಾಟೋದು ಕಷ್ಟ ಅಂತ ಗೊತ್ತಿತ್ತು. ನಿಮ್ಮನ್ನ ಹೆದರಿಸಬಾರದು ಅಂತ...” ಅಲ್ಲಿಗೆ ತಡೆದರು. “ಇಲ್ಲ. ಹೆದರಿದ್ದು ನಾನೇ. ಹೇಳಿದ ಮೇಲೆ ನಿಮ್ಮ ಮುಖ ನೋಡಬೇಕಲ್ಲ, ಅದಕ್ಕೆ.”

ಅಕ್ಕ ಮಡಚಿದ ಹಾಳೆಯನ್ನು ಹೊರತೆಗೆದಳು.

“ನಾನು ಏನು ಹೇಳಬೇಕಿತ್ತು?”

“‘ಇವತ್ತು ಅಂಗಡಿ ಬೇಡ’ ಅಂದಿದ್ರೆ ಸಾಕಿತ್ತು. ಉಳಿದದ್ದು ನನಗೇ ಅರ್ಥ ಆಗ್ತಿತ್ತು.”

ಡಾಕ್ಟರಮ್ಮ ಆ ಮಾತನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡರು. ಕ್ಷಮೆ ಕೇಳಿದರು. ಅಕ್ಕ ‘ಪರವಾಗಿಲ್ಲ’ ಎನ್ನಲಿಲ್ಲ. ಮಡಚಿದ ಹಾಳೆ ಬಿಡಿಸಿ, “ಪೆನ್ನು ಕೊಡಿ,” ಎಂದಳು.

ಡಾಕ್ಟರಮ್ಮ ಪೆನ್ನು ಕೊಟ್ಟು ಮುಖ ಕಿಟಕಿಗೆ ತಿರುಗಿಸಿದರು. “ನಾನು ನೋಡಬಾರದು, ನಿಯಮ.”

“ನೋಡಿ. ನಿಮಗೆ ತೋರಿಸೋಕೇ ತಂದಿದ್ದು.” ಆ ಒಂದು ಪ್ರಶ್ನೆಯ ಮುಂದೆ ಎರಡಕ್ಕೆ ಗುರುತು ಹಾಕಿದಳು. ಉಳಿದವೆಲ್ಲ ಐದು. “ಮುಂದಿನ ವಾರ ಕೈ ತೋರಿಸೋಕೆ ಬರ್ತೀನಿ. ಉರಿ ಪೂರ್ತಿ ಹೋಗಿಲ್ಲ,” ಎಂದು ಎದ್ದಳು.

ಬಾಗಿಲು ತೆರೆದಾಗ ಹೊರಗಿನವರೆಲ್ಲ ತಟಕ್ಕನೆ ಬೇರೆ ಬೇರೆ ಕಡೆ ನೋಡಿದರು. ಆ ಬಾಗಿಲ ಹಲಗೆ ತೆಳುವೆಂದು ಎಲ್ಲರಿಗೂ ಗೊತ್ತು. ಪೆನ್ಸಿಲಪ್ಪ ಅಕ್ಕನ ಹಾಳೆ ತೆಗೆದುಕೊಂಡು ಮೇಲಿಂದ ಕೆಳಗೆ ಓದಿದರು. ಎರಡರ ಹತ್ತಿರ ಕಣ್ಣು ನಿಂತಿತು.

ಡ್ರೈವರ್ ಮಾವ ಎದ್ದು ನಿಂತರು. “ನನ್ನ ಹಾಳೆ ಎಲ್ಲಮ್ಮ? ಕೊಡಿಲ್ಲಿ. ಆ ಸಂಕೋಚದ ಪ್ರಶ್ನೆಗೆ ಮೂರು ಹಾಕಬೇಕು.” ಆಮೇಲೆ ಒಳಬಾಗಿಲಿನ ಕಡೆ ತಿರುಗಿ, ಗಂಟಲು ಏರಿಸಿ, “ಡಾಕ್ಟರಮ್ಮ, ಇನ್ನು ಮೇಲೆ ನನ್ನ ರಾತ್ರಿ ವಿಷಯ ಕೂಗಿ ಕೇಳಬೇಡಿ!” ಎಂದು ಕೂಗಿಯೇ ಹೇಳಿದರು. ಇಡೀ ಕೋಣೆಗೆ ಮತ್ತೊಮ್ಮೆ ಗೊತ್ತಾಯಿತು.

“ಆಯ್ತು ಮಾವ!” ಒಳಗಿಂದ ಉತ್ತರ ಬಂತು.

“ನನ್ನದೂ ಕೊಡೇ,” ಎಂದಳು ಬೇಕರಿ ಚಿಕ್ಕಮ್ಮ. “ಜ್ವರ ನನ್ನದು, ಕೇಳೋದು ಗಂಡನ್ನ. ಮೂರು. ಅಲ್ಲ, ಎರಡೂವರೆ ಇದ್ಯಾ?”

“ಇಲ್ಲ,” ಎಂದರು ಪೆನ್ಸಿಲಪ್ಪ, ಕಿವಿಯಿಂದ ಪೆನ್ಸಿಲ್ ತೆಗೆದು ಅವಳಿಗೆ ಕೊಡುತ್ತ.

ಆಮೇಲೆ ಕಟ್ಟು ಬೆಂಚಿನಿಂದ ಬೆಂಚಿಗೆ ಹೋಯಿತು. ಕೆಲವರು ಬರೆದರು, ಕೆಲವರು ಯೋಚಿಸಿ ಹಾಗೇ ಬಿಟ್ಟರು. ಕೆಮ್ಮಿಗೆ ಔಷಧಿ ಒಯ್ಯಲು ಬಂದಿದ್ದ ಟೈಲರ್ ಮಾತ್ರ ತನ್ನ ಐದನ್ನು ಮುಟ್ಟಲು ಬಿಡಲಿಲ್ಲ. “ನನಗೆ ನಿಜವಾಗ್ಲೂ ದೂರಿಲ್ಲ ಸ್ವಾಮಿ. ಬಲವಂತವಾ?” ಎಂದ. ಕಿಟಕಿಯ ಬಿಸಿಲು ಹಾಳೆಗಳ ಮೇಲೆ ಜಾರುತ್ತಿತ್ತು. ಬೇರೆ ಬೇರೆ ಮುಖಗಳಿಗೆ ಗುರುತು ಬಿದ್ದ ಆ ಹಾಳೆಗಳು ಈಗ ನಿಜವಾಗಿ ಒಂದು ಬೀದಿಯ ಹಾಗೆ ಕಂಡವು. ನಗುವವರು ಹೆಚ್ಚು, ಅಲ್ಲಲ್ಲಿ ಗಂಟುಮುಖ, ಒಂದೆರಡು ಕಡೆ ಒದ್ದೆ ಕಣ್ಣು.

ಪೆನ್ಸಿಲಪ್ಪ ಎಲ್ಲವನ್ನೂ ಮತ್ತೆ ಜೋಡಿಸಿ ದಾರ ಕಟ್ಟಿದರು. “ಇಷ್ಟು ಬೈದಿದಾರೆ ಅಂದ್ಮೇಲೆ ಕ್ಲಿನಿಕ್ಕು ಇಲ್ಲೇ ಇರುತ್ತೆ ಬಿಡಮ್ಮ. ಇದನ್ನ ಯಾರು ಬೇಕಾದ್ರೂ ನಂಬ್ತಾರೆ,” ಎಂದು ‘ಸ್ವೀಕರಿಸಲಾಗಿದೆ’ ಎಂಬ ಚೀಟಿಗೆ ಸಹಿ ಹಾಕಿ ನನ್ನ ಕೈಗಿತ್ತರು.

ಚೀಟಿ ಹಿಡಿದು ಒಳಗೆ ಹೋದೆ. ಡಾಕ್ಟರಮ್ಮ ಕಣ್ಣೊರೆಸಿಕೊಂಡು ಕನ್ನಡಿಯಲ್ಲಿ ಮುಖ ಸರಿ ಮಾಡಿಕೊಳ್ಳುತ್ತಿದ್ದರು.

“ಹೊರಗೆ ಅದೇನು ಗಲಾಟೆ ಮರಿ? ನಾನು ಕೇಳಿದ್ದು ಒಂದು.”

“ಒಂದನ್ನ ಅಕ್ಕ ತಂದುಕೊಟ್ಟಳಲ್ಲ ಡಾಕ್ಟರಮ್ಮ,” ಎಂದೆ. “ಉಳಿದದ್ದು ಕೊಸರು.”